ಚಿಕ್ಕಮಾವನವರ ಕಟ್ಟಿಗೆ ಟೇಲರು

ನಮ್ಮ ಚಿಕ್ಕಮಾವನವರ ಪ್ರಕಾರ ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ಒಣ ಕಟ್ಟಿಗೆ ಉರಿಸುವವರು ಮತ್ತು ಹಸಿ ಕಟ್ಟಿಗೆ ಉರಿಸುವವರು. ಮೊದಲನೆಯವರು ಎಲ್ಲಿ ಹುಟ್ಟಿದ್ದರೂ ಸರಿ, ಕಣ್ಣು ಮುಚ್ಚಿಕೊಂಡು ಬೀಗತನ ಮಾಡಬಹುದು. ಎರಡನೆಯವರ ಮನೆಯಲ್ಲಿ ನೀರು ಕುಡಿಯುವ ಮುಂಚೆಯೂ ಒಂದು ಸಲ ಯೋಚಿಸಬೇಕು. ಇಷ್ಟು ದೊಡ್ಡ ತತ್ವ ಕಂಡುಹಿಡಿದ ಮನುಷ್ಯ ಮಠ ಕಟ್ಟಲಿಲ್ಲ, ಶಿಷ್ಯರನ್ನು ಸೇರಿಸಲಿಲ್ಲ. ಹೊನ್ನಾಳಿಯಲ್ಲಿ ಒಂದು ಸೈಕಲ್ ಷಾಪ್ ಇಟ್ಟುಕೊಂಡು ಪಂಕ್ಚರ್ ಹಾಕುತ್ತಿದ್ದರು. ಷಾಪು ಹೊಟ್ಟೆಪಾಡಿಗೆ, ಬದುಕು ಕಟ್ಟಿಗೆಗೆ!

ಚಿಕ್ಕಮಾವ ಎಂದರೆ ನಮ್ಮ ಯಜಮಾನರ ಚಿಕ್ಕಪ್ಪ. ಯಜಮಾನರು ಸಣ್ಣವರಿದ್ದಾಗಲೇ ಅಪ್ಪ ಅಮ್ಮನನ್ನು ಕಳೆದುಕೊಂಡಿದ್ದರು. ಅವರನ್ನು ಸಾಕಿ, ಓದಿಸಿ, ಹೈಸ್ಕೂಲು ಮೇಷ್ಟ್ರನ್ನಾಗಿ ಮಾಡಿದ್ದು ಈ ಚಿಕ್ಕಮಾವ ಮತ್ತು ಅವರ ಹೆಂಡತಿ, ನಮ್ಮ ಚಿಕ್ಕತ್ತೆ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ನಾವು ನಾಲ್ಕೇ ಜನ. ಐದನೆಯದಾಗಿ ಕಟ್ಟಿಗೆ. ಮರ್ಯಾದೆಯಲ್ಲಿ ಮಾತ್ರ ಅದು ಮೊದಲನೆಯದು.

ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಎಪ್ಪತ್ತರ ದಶಕದ ನಡುವಿನ ಮಾತು. ಹೆಣ್ಣು ನೋಡಲು ಬಂದವರಲ್ಲಿ ಗಂಡು ನೆಲ ನೋಡುತ್ತಾ ಕೂತಿತ್ತು. ಪಕ್ಕದಲ್ಲಿ ಬಿಳಿ ಟೋಪಿ, ಹುರಿ ಮೀಸೆ, ಅಂಗೈ ತುಂಬ ಗಂಟುಗಟ್ಟಿದ ಚರ್ಮದ ಈ ಚಿಕ್ಕಮಾವ. ಹಾಡು ಬರುತ್ತದಾ, ರೊಟ್ಟಿ ಬಡಿಯಲು ಬರುತ್ತದಾ, ಎಷ್ಟನೇ ಕ್ಲಾಸು ಎಂದೆಲ್ಲ ಕೇಳುತ್ತಾರೆಂದು ನಮ್ಮವ್ವ ನನಗೆ ಎರಡು ದಿನದಿಂದ ತಾಲೀಮು ಕೊಟ್ಟಿದ್ದಳು. ಈ ಮನುಷ್ಯ ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ನನ್ನನ್ನು ಕೇಳಿದ್ದೇ ಬೇರೆ.

"ನಿಮ್ಮನೇಲಿ ಒಲೆಗೆ ಏನು ಹಾಕ್ತೀರವ್ವ?"

ನಾನು ಗಾಬರಿಯಾಗಿ ಅಪ್ಪನ ಮುಖ ನೋಡಿದೆ. ಅಪ್ಪ ಸೂರು ನೋಡಿದ. ತೊಗರಿ ಕಟ್ಟಿಗೆ, ಹತ್ತಿ ಕಡ್ಡಿ, ಇದ್ದರೆ ಜಾಲಿ ಎಂದೆ.

"ಜಾಲಿ ಒಣಗೈತೆ ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಎರಡು ತುಂಡು ಬಡಿದ್ರೆ ಟಣ್ ಅನ್ನುತ್ತೆ. ಹಸಿ ಇದ್ರೆ ದಪ್ ಅನ್ನುತ್ತೆ."

ಚಿಕ್ಕಮಾವ ಗಂಡಿನ ಕಡೆ ತಿರುಗಿ, ಇನ್ನೇನೂ ಕೇಳಾದು ಬ್ಯಾಡ ಎಂದು ಎದ್ದೇಬಿಟ್ಟರು. ಎದ್ದು ಹೋದದ್ದೆಲ್ಲಿಗೆ? ನಮ್ಮ ಹಿತ್ತಿಲಿಗೆ, ನಾನು ಹೇಳಿದ್ದು ಖರೆಯೋ ಸುಳ್ಳೋ ನೋಡಲು. ಅಲ್ಲಿ ಬಿದ್ದಿದ್ದ ಜಾಲಿ ತುಂಡುಗಳನ್ನು ಅವರು ಒಂದಕ್ಕೊಂದು ಬಡಿಯುತ್ತಿದ್ದ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಅಕ್ಕಪಕ್ಕದ ಹುಡುಗಿಯರಿಗೆ ಬಣ್ಣದ ಮೇಲೆ, ಓದಿನ ಮೇಲೆ ಮದುವೆ ಗೊತ್ತಾದರೆ ನನಗೆ ಗೊತ್ತಾದದ್ದು ಒಂದು 'ಟಣ್' ಮೇಲೆ!

ಹೊನ್ನಾಳಿಯ ಮನೆಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ನಾನು ಬಂದದ್ದು ಮನೆಗಲ್ಲ, ಸಾಮಿಲ್ಲಿಗೆ ಎಂದು. ಹಿತ್ತಿಲಲ್ಲಿ ಎದೆಯುದ್ದದ ಮೂರು ಒಟ್ಟಿಲುಗಳು. ಒಂದು ಈ ವರ್ಷ ಸೀಳಿದ್ದು, ಒಂದು ಹೋದ ವರ್ಷದ್ದು, ಇನ್ನೊಂದು ಅದರ ಹಿಂದಿನದು. ಮೇಲೆ ತಗಡಿನ ಚಪ್ಪರ, ಕೆಳಗೆ ಕಲ್ಲಿನ ಸಾಲು, ನಡುವೆ ಗಾಳಿ ಆಡಲು ಒಂದು ಗೇಣು ಜಾಗ. ಒಲೆಗೆ ಹೋಗುವ ಅರ್ಹತೆ ಮೂರನೆಯ ಒಟ್ಟಿಲಿಗೆ ಮಾತ್ರ. ಉಳಿದವು ಸರದಿಯಲ್ಲಿ ಕಾಯಬೇಕು. ನಮ್ಮ ಮನೆಗೆ ಬಂದ ನೆಂಟರಿಗೆ ಕಾಲಿಗೆ ನೀರು ಕೊಟ್ಟ ಕೂಡಲೇ ಹಿತ್ತಿಲ ದರ್ಶನ. ಆಮೇಲೆ ಕಾಫಿ. ದರ್ಶನದ ಹೊತ್ತಿನಲ್ಲಿ ಆಕಳಿಸಿದ ನೆಂಟರಿಗೆ ಕಾಫಿಯ ಸಕ್ಕರೆ ಕಡಿಮೆಯಾಗುತ್ತಿತ್ತೆಂದು ಯಜಮಾನರು ಹೇಳುತ್ತಾರೆ. ನಾನು ಕಣ್ಣಾರೆ ಕಂಡಿಲ್ಲ.

ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಬಚ್ಚಲ ಹಂಡೆಗೆ ಉರಿ ಹಾಕಲು ಕೈಗೆ ಸಿಕ್ಕಿದ ಎರಡು ತುಂಡು ಎಳೆದುಕೊಂಡೆ. ಅವು ನಡುವಿನ ಒಟ್ಟಿಲಿನವು. ಹೊಗೆ ಎದ್ದಿತು. ಚಿಕ್ಕಮಾವ ಮುಖಕ್ಷೌರ ಮಾಡಿಕೊಳ್ಳುತ್ತಿದ್ದವರು ಅರ್ಧ ಮುಖದ ನೊರೆಯಲ್ಲೇ ಓಡಿ ಬಂದು, ಉರಿಯುತ್ತಿದ್ದ ತುಂಡುಗಳನ್ನು ಎಳೆದು ನೀರಿಗೆ ಅದ್ದಿದರು. ನನ್ನನ್ನು ಬೈಯಲಿಲ್ಲ.

"ಇವು ಇನ್ನೂ ಎಳೇವು ಕಣವ್ವ. ಇನ್ನೊಂದು ವರ್ಷ ಓದಬೇಕು" ಎಂದರು.

ಫೇಲಾದ ಹುಡುಗರನ್ನು ಕೂರಿಸಿದ ಹಾಗೆ ಆ ಎರಡು ತುಂಡುಗಳನ್ನು ಬಿಸಿಲಿಗೆ ಒಣಗಿಸಿ ಮತ್ತೆ ಅದೇ ಸಾಲಿಗೆ ಸೇರಿಸಿದರು.

ಹಸಿ ಮರ ಕಡಿಯುವುದು ಅವರಿಗೆ ಆಗದು. ನಿಂತಿದ್ದು ದೇವರದು, ಬಿದ್ದಿದ್ದು ನಂದು ಎನ್ನುವರು. ಆದ್ದರಿಂದ ಮುಂಗಾರಿಗೆ ಮುಂಚಿನ ಗಾಳಿ ಎದ್ದರೆ ಊರಿನವರು ಮನೆಯ ಹಂಚು ಹಾರಿತೇ ಎಂದು ನೋಡುವಾಗ ಇವರು ಯಾರ ಮರ ಬಿತ್ತು ಎಂದು ವಿಚಾರಿಸುತ್ತಿದ್ದರು. ಬಿದ್ದದ್ದು ಗೊತ್ತಾದರೆ ಸೈಕಲ್ ಹತ್ತಿ ಹೊರಟರು. ಹೋಗಿ, ಮರದ ಯಜಮಾನನ ಪಕ್ಕ ನಿಂತು, ಎಂಥಾ ಮರ ಇತ್ತಲ್ರೀ, ನಿಮ್ಮಜ್ಜನ ಕಾಲದ್ದು, ಹಿಂಗಾಗಬಾರದಿತ್ತು ಎಂದು ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಳ್ಳುವರು. ಸೈಕಲ್ಲಿನ ಕ್ಯಾರಿಯರಿನಲ್ಲಿ ಕೊಡಲಿ ಮಾತ್ರ ಗೋಣಿಚೀಲದೊಳಗೆ ತಾಳ್ಮೆಯಿಂದ ಕಾದಿರುತ್ತಿತ್ತು.

ಕಟ್ಟಿಗೆ ಸೀಳುವುದು ತೋಳಿನ ಕೆಲಸ ಅಲ್ಲ, ಕಣ್ಣಿನ ಕೆಲಸ ಎಂಬುದು ಅವರ ಇನ್ನೊಂದು ತತ್ವ. ತುಂಡನ್ನು ನಿಲ್ಲಿಸಿ ಸುತ್ತಲೂ ಎರಡು ಸುತ್ತು ಹಾಕುವರು. ಬಿರುಕು ಎಲ್ಲಿದೆ, ಗಂಟು ಎಲ್ಲಿದೆ, ನಾರು ಯಾವ ಕಡೆ ಓಡಿದೆ ಎಂದು ಕೂತು ನೋಡುವರು. ಆಮೇಲೆ ಒಂದೇ ಏಟು. ನೂರಕ್ಕೆ ತೊಂಬತ್ತೊಂಬತ್ತು ತುಂಡು ಬಾಳೆಹಣ್ಣಿನ ಹಾಗೆ ಸೀಳಿಕೊಳ್ಳುತ್ತಿದ್ದವು. ಉಳಿದ ಆ ಒಂದು, ಒಂದು ಹುಣಸೆ ಬೊಡ್ಡೆ.

ಮರದ ಬುಡದ ಬೊಡ್ಡೆ ಅದು, ರಾಗಿ ಬೀಸುವ ಕಲ್ಲಿನಷ್ಟು ಗಟ್ಟಿ. ಮೂರು ಭಾನುವಾರ ಹೊಡೆದರು. ಕೊಡಲಿಯ ಕಾವು ಮುರಿಯಿತು. ಒಂದರ ಹಿಂದೊಂದರಂತೆ ಮೂರು ಕಬ್ಬಿಣದ ಬೆಣೆ ಹೊಡೆದರು. ಮೂರನ್ನೂ ಬೊಡ್ಡೆ ನುಂಗಿಕೊಂಡಿತು. ಚಿಕ್ಕಮಾವ ಅದಕ್ಕೆ ಏನೇನೋ ಹೇಳುತ್ತಿದ್ದರು, ಮೊದಲು ಪ್ರೀತಿಯಿಂದ, ಆಮೇಲೆ ಬೇರೆ ಥರ. ಚಿಕ್ಕತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು, ಮದುವೆಯಾಗಿ ಇಷ್ಟು ವರ್ಷ ಆಯಿತು, ನನ್ನ ಜೊತೆ ಇಷ್ಟು ಮಾತಾಡಿಲ್ಲ, ಊಟಕ್ಕೆ ಬರ್ರಿ ಎಂದು ಕರೆದರು. ಸೋಮವಾರ ಚಿಕ್ಕಮಾವ ಷಾಪಿಗೆ ಹೋದರು. ಮಧ್ಯಾಹ್ನದ ಕೆಂಡದಂಥ ಬಿಸಿಲಿಗೆ ಬೆಣೆಗಳು ಬಿಗಿದುಕೊಂಡವೋ ಏನೋ, ಯಾರೂ ಮುಟ್ಟದೆ ಬೊಡ್ಡೆ ಪಟಾರನೆ ಎರಡು ಹೋಳಾಯಿತು. ಸದ್ದಿಗೆ ನಾನೂ ಚಿಕ್ಕತ್ತೆಯೂ ಹೊರಗೆ ಓಡಿದೆವು. ಸಂಜೆ ಬಂದವರಿಗೆ ತೋರಿಸಿದರೆ ಅವರಿಗೆ ಸಂತೋಷವಾಗಬೇಕಲ್ಲವೇ? ಮುಖ ಸಣ್ಣದು ಮಾಡಿಕೊಂಡು ಕೂತರು.

"ನಾ ಇಲ್ದಾಗ ಒಡೀತಲ್ಲ" ಎಂದರು. ಆ ದಿನ ರಾತ್ರಿ ಊಟಕ್ಕೆ ಎರಡು ರೊಟ್ಟಿ ಕಡಿಮೆ.

ಅವರ ನಿಜವಾದ ಕಷ್ಟ ಸೀಳುವುದಲ್ಲ, ಸಾಗಿಸುವುದು. ಬಿದ್ದ ಮರ ನ್ಯಾಮತಿ ಕಡೆ ಇರುತ್ತದೆ, ಒಲೆ ಹೊನ್ನಾಳಿಯಲ್ಲಿ. ಊರಿನ ಎತ್ತಿನ ಗಾಡಿಯವರು ಮೊದಮೊದಲು ಬರುತ್ತಿದ್ದರು. ಇವರು ಒಂದೊಂದು ತುಂಡನ್ನೂ ಬಡಿದು ಕಿವಿಗೆ ಹಿಡಿದು, ಮೂಸಿ ನೋಡಿ ಗಾಡಿಗೆ ಏರಿಸುವಷ್ಟರಲ್ಲಿ ಎತ್ತುಗಳು ಮಲಗಿ ಎದ್ದು ಮತ್ತೆ ಮಲಗುತ್ತಿದ್ದವು. ಕ್ರಮೇಣ ನಮ್ಮ ಬೀದಿ ತುದಿಯಲ್ಲಿ ಇವರ ಟೋಪಿ ಕಂಡರೆ ಗಾಡಿಯವರು ಎತ್ತಿಗೆ ಹುಷಾರಿಲ್ಲ ಎನ್ನಲು ಶುರುಮಾಡಿದರು. ಒಮ್ಮೆ ಒಬ್ಬನು ಎತ್ತು ಹೂಡಿಕೊಂಡು ಹೊರಟವನೇ ಎತ್ತಿಗೆ ಜ್ವರ ಎಂದನಂತೆ!

ಹಾಗಾಗಿ ಒಂದು ದಿನ ಊಟಕ್ಕೆ ಕೂತಾಗ ಚಿಕ್ಕಮಾವ ಘೋಷಿಸಿದರು, ನಾವೇ ಒಂದು ಟೇಲರ್ ಮಾಡಿಕೊಂಡುಬಿಡೋಣ ಎಂದು. ನಮ್ಮ ಕಡೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರಿಗೆ ಟೇಲರ್ ಎಂದೇ ಅನ್ನುವುದು. ಚಿಕ್ಕತ್ತೆ ಸಾರು ಬಡಿಸುತ್ತಾ, ಒಳ್ಳೇದಾತು, ನಂದು ಎರಡು ರವಿಕೆ ಹೊಲಿಯೋದು ಹಂಗೇ ಉಳಿದೈತೆ ಎಂದರು. ಗೊತ್ತಿದ್ದೇ ಹೇಳಿದರೋ ಗೊತ್ತಿಲ್ಲದೆಯೋ, ಆ ಮುಖ ನೋಡಿ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಮೊದಲನೆಯ ಟೇಲರು ಸೈಕಲ್ಲಿಗೆ. ಬಾಡಿಗೆ ಸೈಕಲ್ಲೊಂದರ ಎರಡೂ ಗಾಲಿ ಬಿಚ್ಚಿ, ಬಿದಿರಿನ ಚೌಕಟ್ಟು ಕಟ್ಟಿ, ಕ್ಯಾರಿಯರಿಗೆ ಕಬ್ಬಿಣದ ಕೊಂಡಿ ಹಾಕಿದರು. ಖಾಲಿ ಇದ್ದಾಗ ಅದು ಕರುವಿನ ಹಾಗೆ ಹಿಂದೆ ಹಿಂದೆ ಬರುತ್ತಿತ್ತು. ಬೀದಿಯವರೆಲ್ಲ ಮೆಚ್ಚಿದರು. ಮರುದಿನ ಬೇವಿನ ತುಂಡು ತುಂಬಿಕೊಂಡು ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ಬಂದರು. ಇಳಿಜಾರು ಬಂದ ಕೂಡಲೇ ಬ್ರೇಕು ಹಿಡಿದರು. ಸೈಕಲ್ಲಿಗೆ ಬ್ರೇಕು ಇತ್ತು. ಟೇಲರಿಗೆ ಆ ವಿಷಯ ಯಾರೂ ಹೇಳಿರಲಿಲ್ಲ! ಅದು ಚಿಕ್ಕಮಾವನವರನ್ನು ಹಿಂದಿನಿಂದ ತಳ್ಳಿ, ಬಲಗಡೆಯಿಂದ ದಾಟಿ, ಮುಂದೆ ಹೋಗಿ, ಸೈಕಲ್ಲನ್ನು ಗಿರ್ರನೆ ತಿರುಗಿಸಿ ನಿಂತಿತು. ಅವರು ಬಿದ್ದಿರಲಿಲ್ಲ. ಟೋಪಿಯೂ ಅಲುಗಿರಲಿಲ್ಲ. ಆದರೆ ಮುಖ ಬಂದ ದಾರಿಯ ಕಡೆಗಿತ್ತು. ಪಕ್ಕದ ಹೋಟೆಲಿನವರು ಹೊರಗೆ ಬಂದು ಬಹಳ ಮರ್ಯಾದೆಯಿಂದ ಕೇಳಿದರು:

"ಯಜಮಾನ್ರು ವಾಪಸ್ ಹೊಂಟ್ರಾ?"

ಚಿಕ್ಕಮಾವ ಹೌದು ಎಂದು ತಲೆಯಾಡಿಸಿ, ನಿಜವಾಗಿಯೂ ಅಷ್ಟು ದೂರ ಏರಿ ಹೋಗಿ, ಹೋಟೆಲಿನವರು ಒಳಗೆ ಹೋದ ಮೇಲೆ ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದರು.

ಅಲ್ಲಿಂದ ಶುರುವಾಯಿತು ಟೇಲರು ನೋಡುವ ಶಾಸ್ತ್ರ. ಮಾಡುವುದು ಬೇಡ, ಇದ್ದದ್ದನ್ನೇ ತಗೊಳ್ಳೋಣ, ಎಳೆಯೋ ಗಾಡಿ ಆಮೇಲೆ ನೋಡಿದರಾಯ್ತು ಎಂದು. ಚನ್ನಗಿರಿಯಲ್ಲಿ ಒಬ್ಬರ ಹತ್ತಿರ ಹಳೇ ಜೀಪಿನ ಟೇಲರು ಇದೆ ಎಂದು ಸುದ್ದಿ ಬಂತು. ನಮಗೂ ಆ ಊರಿನಲ್ಲಿ ಒಂದು ಗೃಹಪ್ರವೇಶವಿತ್ತು, ಚಿಕ್ಕಮಾವ, ಯಜಮಾನರು, ನಾನು ಮೂವರೂ ಬಸ್ಸಿನಲ್ಲಿ ಹೋದೆವು. ನಾವು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಹೋಗಿ ನೋಡಿದರೆ ಚಿಕ್ಕಮಾವ ಟೇಲರಿನ ಕೆಳಗೆ ಮಲಗಿದ್ದರು. ಎರಡು ಪಾದ ಮಾತ್ರ ಹೊರಗೆ. ಅದರ ಯಜಮಾನರು ಗಾಬರಿಯಿಂದ, ಗಂಟೆ ಮೇಲಾತು, ಮಾತಿಲ್ಲ ಕತಿಯಿಲ್ಲ, ಇವರಿಗೆ ಏನಾದರೂ ಆರೋಗ್ಯ ತೊಂದರೆ ಉಂಟೇ ಎಂದು ನಮ್ಮನ್ನು ಕೇಳಿದರು. ಕೊನೆಗೆ ಹೊರಗೆ ತೆವಳಿ ಬಂದು ಚಿಕ್ಕಮಾವ ಕೊಟ್ಟ ತೀರ್ಪು, ಇದರ ಅಚ್ಚು ಒಂದು ಕೂದಲೆಳೆ ವಾರೆ ಐತೆ ಎಂದು.

ಇನ್ನೊಂದು ಸಲ ತ್ಯಾವಣಿಗೆಗೆ ಹೋದರು, ಅಕ್ಕಿ ಗಿರಣಿಯವರ ಟೇಲರು ನೋಡಲು. ಅದಕ್ಕೆ ಗಾಲಿ ದೊಡ್ಡವು. ಮತ್ತೊಂದಕ್ಕೆ ಗಾಲಿ ಸಣ್ಣವು. ಒಂದಕ್ಕೆ ತಳದ ಹಲಗೆ ಮಾವಿನದು, ಹುಳ ಹಿಡಿಯುತ್ತೆ. ಇನ್ನೊಂದರಲ್ಲಿ ಎಲ್ಲವೂ ಸರಿಯಿತ್ತು, ಅದಕ್ಕೇ ಅನುಮಾನ ಬಂತು. ಎಲ್ಲ ಸರಿ ಇದ್ರೆ ಯಾಕೆ ಮಾರ್ತಾರೆ ಎಂದು ಬಿಟ್ಟು ಬಂದರು. ನನ್ನನ್ನು ನೋಡಿ ಒಪ್ಪಲು ಹತ್ತು ನಿಮಿಷ ಸಾಕಾಗಿತ್ತು. ಟೇಲರಿಗೆ ಎರಡು ವರ್ಷ!

ಅಷ್ಟರಲ್ಲಿ ಅವರು ಒಂದು ಹಳೇ ಮೋಟಾರ್ ಸೈಕಲ್ ತಂದಿದ್ದರು. ಅದು ಬರುವ ಸದ್ದು ಕೇಳಿ ಚಿಕ್ಕತ್ತೆ ಅಕ್ಕಿ ತೊಳೆಯಲು ಶುರುಮಾಡಿದರೆ ಅದು ಮನೆ ಮುಟ್ಟುವ ಹೊತ್ತಿಗೆ ಅನ್ನ ಆಗಿರುತ್ತಿತ್ತು. ಅಷ್ಟು ಸದ್ದು, ಅಷ್ಟು ನಿಧಾನ. ಇದರ ಹಿಂದೆ ಕಟ್ಟಲು ಎರಡನೆಯ ಟೇಲರು ತಯಾರಾಯಿತು, ವೆಲ್ಡಿಂಗ್ ಷಾಪಿನ ರಹಮತ್ ಸಾಬರ ಕೈಯಲ್ಲಿ. ರಹಮತ್ ಸಾಬರದು ಮಾತು ಕಡಿಮೆ, ಕೆಲಸ ಜಾಸ್ತಿ. ಚಿಕ್ಕಮಾವ ತದ್ವಿರುದ್ಧ. ಆಂಗಲ್ ಪಟ್ಟಿ ಕತ್ತರಿಸುವಾಗಲೂ ಪಕ್ಕದಲ್ಲಿ ಕೂತು, ನಾರು ನೋಡಿ ಕತ್ತರಿಸ್ರಿ ಸಾಬ್ರೇ ಎಂದರಂತೆ. ಕಬ್ಬಿಣಕ್ಕೆ ಎಲ್ಲಿಯ ನಾರು?

ಎರಡು ಸ್ಕೂಟರ್ ಗಾಲಿ, ಕಬ್ಬಿಣದ ಚೌಕಟ್ಟು, ಹಲಗೆಯ ತಳ. ನೋಡಲು ಚೆನ್ನಾಗಿಯೇ ಇತ್ತು. ನ್ಯಾಮತಿ ರಸ್ತೆಯಲ್ಲಿ ಬಿದ್ದ ಮಾವಿನ ಮರದ ತುಂಡು ತರಲು ಹೋದರು. ರಜೆಯ ದಿನ, ಯಜಮಾನರೂ ಜೊತೆಗಿದ್ದರು. ಇಳಿಸಲು ಸುಲಭವಾಗಲಿ ಎಂದು ಚಿಕ್ಕಮಾವ ದಪ್ಪ ತುಂಡುಗಳನ್ನೆಲ್ಲ ಟೇಲರಿನ ಹಿಂತುದಿಗೆ ಇಟ್ಟರು. ಇಟ್ಟು, ಹಗ್ಗ ಬಿಗಿದು, ಗಾಡಿ ಹತ್ತಿ ಕೂತರು. ಹಿಂದಿನ ಭಾರಕ್ಕೆ ಟೇಲರಿನ ಮೂತಿ ಮೆಲ್ಲಗೆ ಮೇಲೆದ್ದಿತು. ಅದರ ಜೊತೆ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿಯೂ ನೆಲ ಬಿಟ್ಟಿತು. ಚಿಕ್ಕಮಾವ ಎಂದಿಗಿಂತ ಒಂದು ಮೊಳ ಮೇಲೆ ಕೂತು, ಮುಂದಕ್ಕೆ ವಾಲಿಕೊಂಡು ಗೇರ್ ಹಾಕಿದರು. ಗಾಲಿ ಗಾಳಿಯಲ್ಲಿ ರೊಯ್ಯನೆ ತಿರುಗಿತು. ಅವರು ಇನ್ನಷ್ಟು ಜೋರು ಕೊಟ್ಟರು.

"ಹೋಗ್ತಾ ಇಲ್ವಲ್ಲೋ" ಎಂದು ಯಜಮಾನರನ್ನು ಕೇಳಿದರು.

"ಚಿಗಪ್ಪ, ನೀವು ಮೊದಲು ಇಳೀರಿ."

ಇಳಿಯಲು ಹೋದರೆ ಕಾಲು ನೆಲಕ್ಕೆ ಎಟುಕುತ್ತಿಲ್ಲ! ಆ ದಾರಿಯಲ್ಲಿ ಬಂದ ಗಾಡಿ ಹೊಡೆಯುವ ಅಜ್ಜನೊಬ್ಬ ಎತ್ತು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದ. ಬೀಡಿ ಹಚ್ಚಿಕೊಂಡು ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೇಳಿದನಂತೆ, ಭಾರ ಒಂಚೂರು ಎತ್ತಿನ ಕಡೆ ಇರಬೇಕು ಯಜಮಾನ್ರೇ, ಎತ್ತು ಯಾವುದಾದರೇನು ಎಂದು. ಎರಡು ವರ್ಷ ಹತ್ತಾರು ಟೇಲರುಗಳ ಕೆಳಗೆ ಮಲಗಿ ಎದ್ದರೂ ಗೊತ್ತಾಗದ ವಿದ್ಯೆಯನ್ನು ಅಜ್ಜ ಅರ್ಧ ಬೀಡಿಯಲ್ಲಿ ಹೇಳಿ ಮುಗಿಸಿದ್ದ. ಚಿಕ್ಕಮಾವನವರಲ್ಲಿ ಇದೊಂದು ದೊಡ್ಡ ಗುಣ: ಗೊತ್ತಿದ್ದವರ ಮುಂದೆ ಟೋಪಿ ತೆಗೆಯುವರು. ಅಜ್ಜನನ್ನು ಕರೆದುಕೊಂಡು ಹೋಗಿ ಮಂಡಕ್ಕಿ ಮಿರ್ಚಿ ತಿನ್ನಿಸಿ, ಟೀ ಕುಡಿಸಿ, ಅಚ್ಚು ಎಲ್ಲಿರಬೇಕು ಎಂದು ಹೋಟೆಲಿನ ಮೇಜಿನ ಮೇಲೆ ಟೀ ಗೆರೆಯಲ್ಲಿ ಬರೆಸಿಕೊಂಡು ಬಂದರು.

ಮೂರನೆಯ ಟೇಲರು ಹುಟ್ಟಿದ್ದು ಹಾಗೆ. ಅಚ್ಚು ಕೊಂಚ ಹಿಂದೆ ಸರಿಯಿತು, ಭಾರ ಕೊಂಚ ಮುಂದೆ ಬಂತು, ಎರಡು ಪಕ್ಕದಲ್ಲಿ ಗೂಟಗಳು ಎದ್ದವು. ಲಾರಿಗಳ ಹಿಂದೆ ಬರೆಸುವ ಹಾಗೆ ಇದಕ್ಕೂ ಒಂದು ಬರಹ ಬೇಕೆಂದು ಹಠ ಹಿಡಿದು, 'ಒಣ ಕಟ್ಟಿಗೆ ಮಾತ್ರ' ಎಂದು ಕೆಂಪಕ್ಷರದಲ್ಲಿ ಬರೆಸಿದರು. ಒಮ್ಮೆ ಪೊಲೀಸಿನವರೊಬ್ಬರು ತಡೆದು ಇದು ಯಾವ ಗಾಡಿ ಎಂದು ಕೇಳಿದಾಗ ಚಿಕ್ಕಮಾವ, ಇದು ಗಾಡಿ ಅಲ್ರೀ, ಎಂಜಿನ್ನೇ ಇಲ್ಲವಲ್ಲ ಎಂದು, ತೊಗರಿ ಕಟ್ಟಿಗೆಗೂ ಹುಣಸೆ ಕಟ್ಟಿಗೆಗೂ ಇರುವ ವ್ಯತ್ಯಾಸ ವಿವರಿಸಲು ಹೊರಟರು. ಕಾಲು ಗಂಟೆಯ ಮೇಲೆ ಪೊಲೀಸಿನವರೇ ಕೈಮುಗಿದು ಹೋಗ್ರಿ ಎಂದರಂತೆ.

ಆ ಟೇಲರು ನಿಜಕ್ಕೂ ಕೆಲಸ ಮಾಡಿತು. ನಮ್ಮ ಮನೆಗಷ್ಟೇ ಅಲ್ಲ, ಬಾಣಂತಿ ಇದ್ದ ಮನೆಗೆ, ಕೈಲಾಗದ ಮುದುಕಿಯರ ಮನೆಗೆ ಒಂದೊಂದು ಹೇರು ಒಣ ಕಟ್ಟಿಗೆ ಇಳಿಯುತ್ತಿತ್ತು. ಜೊತೆಗೆ ಉಪದೇಶವೂ ಇಳಿಯುತ್ತಿತ್ತು. ಉಪದೇಶ ಕೇಳಿಸಿಕೊಳ್ಳುವವರಿಗೆ ಮಾತ್ರ ಕಟ್ಟಿಗೆ ಎಂಬ ನಿಯಮವಿದ್ದಿದ್ದರಿಂದ ಊರಿನಲ್ಲಿ ಚಿಕ್ಕಮಾವನವರ ಮಾತಿಗೆ ಬಹಳ ಬೆಲೆ ಇತ್ತು.

ಇದೇ ದಿನಗಳಲ್ಲಿ ಊರಿನ ಒಂದೆರಡು ದೊಡ್ಡ ಮನೆಗಳಿಗೆ ಗ್ಯಾಸ್ ಒಲೆ ಬಂತು. ಚಿಕ್ಕಮಾವ ಅದನ್ನು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಡಬ್ಬಿಯೊಳಗೆ ಬೆಂಕಿ ಕೂಡಿಹಾಕಾದು ಬೆಂಕಿಗೂ ಅವಮಾನ, ಅಡುಗೆಗೂ ಅವಮಾನ ಎನ್ನುವರು. ಗ್ಯಾಸಿನ ಅನ್ನಕ್ಕೆ ಹೊಟ್ಟೆ ತುಂಬುತ್ತೆ, ಮನಸ್ಸು ತುಂಬಲ್ಲ ಎನ್ನುವರು. ಒಮ್ಮೆ ಒಬ್ಬರ ಮನೆಯಲ್ಲಿ ಗ್ಯಾಸಿನ ಮೇಲೆ ಮಾಡಿದ ಕಾಫಿಯನ್ನು ಎರಡು ಲೋಟ ಕುಡಿದು ಬಂದು ರುಚಿಯಿಲ್ಲ ಎಂದರು. ಮೂರನೆಯದು ಕೇಳುವಷ್ಟರಲ್ಲಿ ಹಾಲು ಮುಗಿದಿತ್ತಂತೆ.

ಎಂಬತ್ತರ ದಶಕ ಶುರುವಾಗಿತ್ತು. ಆ ವರ್ಷ ಹಿಡಿದ ಮಳೆ ಬಿಡಲಿಲ್ಲ. ಚಿಕ್ಕತ್ತೆಗೆ ಮುಂಚಿನಿಂದಲೂ ಮಳೆಗಾಲದಲ್ಲಿ ದಮ್ಮು ಏಳುತ್ತಿತ್ತು. ಕೆಮ್ಮುವರು, ಬಿಸಿನೀರು ಕುಡಿಯುವರು, ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಒಲೆ ಮುಂದೆ ಕೂರುವರು. ನಾನು ಎಷ್ಟು ಹೇಳಿದರೂ ರೊಟ್ಟಿ ಬಡಿಯುವುದನ್ನು ಮಾತ್ರ ನನಗೆ ಬಿಟ್ಟುಕೊಡುತ್ತಿರಲಿಲ್ಲ. ಆ ಮಳೆಗಾಲ ಒಂದು ಬೆಳಿಗ್ಗೆ ಒಲೆ ಮುಂದಿನಿಂದ ಎದ್ದವರು ಗೋಡೆ ಹಿಡಿದು ನಿಂತುಬಿಟ್ಟರು. ಉಸಿರು ಒಳಗೆ ಹೋಗುತ್ತಿಲ್ಲ. ಭುಜ ಏರುತ್ತದೆ, ಇಳಿಯುತ್ತದೆ, ಮಾತಿಲ್ಲ. ಷಾಪಿನಿಂದ ಚಿಕ್ಕಮಾವನವರನ್ನು ಕರೆಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರು ಸೂಜಿ ಚುಚ್ಚಿ, ಉಸಿರು ತಹಬಂದಿಗೆ ಬಂದ ಮೇಲೆ ಎದೆ ಕೇಳಿ ನೋಡಿದರು. ಎಷ್ಟು ವರ್ಷದಿಂದ ಒಲೆ ಊದುತ್ತೀರಿ ಎಂದು ಕೇಳಿದರು. ಮದುವೆಯಾದಾಗಿನಿಂದ ಎಂದರು ಚಿಕ್ಕತ್ತೆ. ಡಾಕ್ಟರು ಚಿಕ್ಕಮಾವನವರ ಕಡೆ ತಿರುಗಿದರು. ಔಷಧ ಕೊಡುತ್ತೇನೆ, ಆದರೆ ಇವರನ್ನು ಹೊಗೆಯಿಂದ ಎಬ್ಬಿಸದಿದ್ದರೆ ಔಷಧ ಏನೂ ಮಾಡುವುದಿಲ್ಲ ಎಂದರು.

"ನಮ್ಮನೇಲಿ ಹೊಗೆ ಆಗಲ್ರೀ ಡಾಕ್ಟ್ರೇ. ಎರಡು ವರ್ಷ ಒಣಗಿಸಿದ ಕಟ್ಟಿಗೆ."

"ಕಣ್ಣಿಗೆ ಕಾಣದ ಹೊಗೆನೂ ಇರುತ್ತೆ, ಯಜಮಾನ್ರೇ."

ಚಿಕ್ಕಮಾವ ಮನೆಯವರೆಗೂ ನಮ್ಮ ಹಿಂದೆ ಸೈಕಲ್ ತಳ್ಳಿಕೊಂಡು ಬಂದರು.

ಮರುದಿನ ಬೆಳಿಗ್ಗೆ ನಾನು ಎದ್ದು ನೋಡಿದರೆ ಒಲೆ ಮುಂದೆ ಚಿಕ್ಕಮಾವ ಕೂತಿದ್ದರು. ಚಿಕ್ಕತ್ತೆಗೆ ಅಡುಗೆಮನೆ ಬಂದ್. ಅವರು ಜಗಲಿಯಲ್ಲಿ ಕೂತು ಸೊಪ್ಪು ಸೋಸಬಹುದು, ಒಳಗೆ ಹೆಜ್ಜೆ ಇಡುವಂತಿಲ್ಲ. ಅನ್ನ ಸಾರು ನನ್ನದು, ರೊಟ್ಟಿ ತಮ್ಮದು ಎಂದು ಹಂಚಿದರು. ಆ ರೊಟ್ಟಿಗಳ ವರ್ಣನೆ ಹೇಗೆ ಮಾಡಲಿ? ಒಂದು ರೊಟ್ಟಿ ಜಗಳೂರು ತಾಲ್ಲೂಕಿನ ನಕ್ಷೆಯಂತಿದ್ದರೆ ಇನ್ನೊಂದು ಚನ್ನಗಿರಿಯದು. ಯಜಮಾನರು ತಟ್ಟೆಗೆ ಬಡಿದು ನೋಡಿ, ಟಣ್ ಅಂತೈತೆ, ಚೆನ್ನಾಗಿ ಒಣಗೈತೆ ಎಂದರು. ಯಾರಾದರೂ ನಗುತ್ತಾರೋ ಎಂದು ನೋಡಿದರು. ಜಗಲಿಯಿಂದ ಚಿಕ್ಕತ್ತೆ ಮಾತ್ರ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು. ಚಿಕ್ಕಮಾವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, ಆ ಕೆಮ್ಮು ಮುಗಿಯುವವರೆಗೆ ಕಾದು, ಮತ್ತೆ ಬಡಿದರು.

ಹೀಗೆ ಒಂದೆರಡು ತಿಂಗಳು ಕಳೆದಿರಬಹುದು. ಒಂದು ದಿನ ಚಿಕ್ಕಮಾವ ಟೇಲರು ತೆಗೆದುಕೊಂಡು ರಹಮತ್ ಸಾಬರ ಹತ್ತಿರ ಹೋಗಿ, ತಳದ ಮಧ್ಯಕ್ಕೆ ಒಂದು ಕಬ್ಬಿಣದ ಬಳೆ ವೆಲ್ಡಿಂಗ್ ಮಾಡಿಸಿದರು. ಕಡಾಯಿ ಕೂರುವಷ್ಟು ಅಗಲದ ಬಳೆ. ಸಾಬರು ಯಾಕೆ ಎಂದು ಕೇಳಿದ್ದಕ್ಕೆ ಬೇಕು ಎಂದಷ್ಟೇ ಹೇಳಿದರಂತೆ. ಮರುದಿನ ಬೆಳಿಗ್ಗೆ ಬೇಗನೆ ಟೇಲರು ಕಟ್ಟಿಕೊಂಡು ಹೊರಟರು. ಎಲ್ಲಿಗೆ ಎಂದರೆ, ದಾವಣಗೆರೇಲಿ ಒಂದು ಮರ ಬಿದ್ದೈತೆ ಎಂದರು. ಅಷ್ಟು ದೊಡ್ಡ ಊರಿನಲ್ಲಿ ಬಿದ್ದ ಮರದ ಸುದ್ದಿ ಹೊನ್ನಾಳಿಗೆ ಹೇಗೆ ಬಂತು ಎಂದು ನಾವ್ಯಾರೂ ಕೇಳಲಿಲ್ಲ. ಅವರ ಸುದ್ದಿಮೂಲಗಳು ಅಂಥವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೋಟಾರ್ ಸೈಕಲ್ಲಿನ ಸದ್ದು ಕೇಳಿಸಿತು. ಎಂದಿಗಿಂತ ನಿಧಾನ. ಬಾಗಿಲಿಗೆ ಬಂದು ನೋಡಿದರೆ ಟೇಲರಿನಲ್ಲಿ ಒಂದೂ ಕಟ್ಟಿಗೆ ಇಲ್ಲ. ನಡುವೆ, ಆ ಹೊಸ ಬಳೆಯೊಳಗೆ, ಗೋಣಿಚೀಲ ಹೊದಿಸಿ, ನಾಲ್ಕು ಕಡೆ ಹಗ್ಗ ಬಿಗಿದ ಒಂದು ಗುಂಡನೆಯ ವಸ್ತು. ಪಕ್ಕದಲ್ಲಿ ಹುಲ್ಲು ತುಂಬಿದ ರಟ್ಟಿನ ಪೆಟ್ಟಿಗೆ. ಬೀದಿಯವರು ಒಬ್ಬೊಬ್ಬರಾಗಿ ಸೇರಿದರು. ಚಿಕ್ಕಮಾವ ಹಗ್ಗ ಬಿಚ್ಚಿ ಗೋಣಿ ಎಳೆದರು. ಕೆಂಪು ಗ್ಯಾಸ್ ಸಿಲಿಂಡರು!

ಬೀದಿಯವರು ನಗಬಹುದಿತ್ತು. ಚಿಕ್ಕಮಾವನವರ ಮುಖ ನೋಡಿ ಯಾರೂ ನಗಲಿಲ್ಲ.

ಆಗಿನ ಕಾಲದಲ್ಲಿ ಗ್ಯಾಸ್ ಎಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ದೊಡ್ಡವರ ಶಿಫಾರಸು ಇದ್ದವರೂ ಕಾಯುತ್ತಿದ್ದರು. ಡಾಕ್ಟರು ಹೇಳಿ ಎರಡು ತಿಂಗಳಷ್ಟೇ ಆಗಿತ್ತು. ಸಿಲಿಂಡರನ್ನು ಒಳಗೆ ತಂದಿಟ್ಟ ಮೇಲೆ ಯಜಮಾನರು ಅದನ್ನೇ ಕೇಳಿದರು.

"ಯಾರ ಕೈಲಿ ಹೇಳಿಸಿದ್ರಿ ಚಿಗಪ್ಪ?"

"ಯಾರ ಕೈಲೂ ಇಲ್ಲ. ಹೆಸರು ಬರೆಸಿದ್ದೆ, ಬಂತು."

"ಯಾವಾಗ ಬರೆಸಿದ್ರಿ?"

"ನಿನ್ನ ಮದುವಿಗೆ ಮುಂಚೆ."

ಅಂಗಿಯ ಒಳಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಮಡಚಿದ ಕಡೆಯೆಲ್ಲ ಹರಿದು, ಹಿಂದೆ ಇನ್ನೊಂದು ಕಾಗದ ಅಂಟಿಸಿದ ಚೀಟಿ. ಅದರಲ್ಲಿ ಬರೆಸಿದ್ದ ಹೆಸರು ಚಿಕ್ಕಮಾವನವರದ್ದೂ ಅಲ್ಲ, ಚಿಕ್ಕತ್ತೆಯದು. ಚಿಕ್ಕತ್ತೆಗೆ ಮೊದಲ ಸಲ ದಮ್ಮು ಎದ್ದ ವರ್ಷ ಹೋಗಿ ಬರೆಸಿ ಬಂದಿದ್ದರಂತೆ. ಚಿಕ್ಕತ್ತೆ ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ಎಂದರು.

"ಸಿಗುತ್ತೋ ಇಲ್ಲೋ ಗೊತ್ತಿಲ್ದೇ ಇರೋದನ್ನ ಹೇಳಿ ಆಸೆ ಹಚ್ಚಬಾರದು" ಎಂದರು ಚಿಕ್ಕಮಾವ. "ಸಿಗೋ ಗಂಟ ಹೊಗೆ ಕಮ್ಮಿ ಇರೋ ಕಟ್ಟಿಗೆ ತಂದು ಕೊಡೋದು ಬಿಟ್ಟು ನಂಗೆ ಬೇರೆ ಏನು ಬರ್ತಿತ್ತು?"

ಇಷ್ಟು ವರ್ಷ ಆ ಮನುಷ್ಯನನ್ನು ನೋಡಿ ನಾವು ನಕ್ಕಿದ್ದೆವು. ನಮ್ಮ ಜೊತೆ ಅವರೂ ನಕ್ಕಿದ್ದರು.

ರಟ್ಟಿನ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ ಗ್ಯಾಸ್ ಒಲೆ ಹಚ್ಚಲು ಚಿಕ್ಕತ್ತೆಗೆ ಭಯ. ಚಿಕ್ಕಮಾವನೇ ಹಚ್ಚಿದರು. ಜಡಿಮಳೆಯಲ್ಲಿ ಒಂದೇ ಕಡ್ಡಿಗೆ ಬೆಂಕಿ ಮಾಡುತ್ತಿದ್ದ ಕೈ ಅಂದು ನಾಲ್ಕು ಕಡ್ಡಿ ಗೀರಿತು. ನೀಲಿ ಉರಿ ಬುಸ್ಸೆಂದು ಎದ್ದು ಸುತ್ತ ಹರಡಿತು. ಚಿಕ್ಕತ್ತೆ ಎರಡು ತಿಂಗಳ ಮೇಲೆ ಅಡುಗೆಮನೆಗೆ ಬಂದು, ಜೀವಮಾನದಲ್ಲಿ ಮೊದಲ ಸಲ ನಿಂತುಕೊಂಡು ಅಡುಗೆ ಮಾಡಿದರು. ಚಿಕ್ಕಮಾವ ಷಾಪಿಗೆ ಹೋಗಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಹಾಲು ಕಾಯಿತು. ಅನ್ನ ಆಯಿತು. ಸಾರಿಗೆ ಒಗ್ಗರಣೆ ಬಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಚಿಕ್ಕತ್ತೆ ಒಮ್ಮೆಯೂ ಕೆಮ್ಮಲಿಲ್ಲ.

"ಎಲ್ಲಾ ಆತು. ಏಳ್ರಿ ಊಟಕ್ಕೆ" ಎಂದರು ಚಿಕ್ಕತ್ತೆ.

ಚಿಕ್ಕಮಾವ ಏಳಲಿಲ್ಲ.

"ಇನ್ನೂ ಏನಾರ ಮಾಡು."

"ಇನ್ನೇನು ಮಾಡ್ಲಿ? ಅನ್ನ ಆತು, ಸಾರು ಆತು, ಪಲ್ಯನೂ ಆತು."

"ಸುಮ್ನೆ ನೀರಾದ್ರೂ ಕಾಸು" ಎಂದರು. "ನೋಡ್ತೀನಿ."

ಚಿಕ್ಕತ್ತೆ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಒಂದು ತಂಬಿಗೆ ನೀರನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟರು.